ಒಂದೇ ವೇದಿಕೆ, ಒಬ್ಬನೇ ಕಲಾವಿದ

ಬೋಲ್ಟು ಚಿಕ್ಕದು. ಕೀಬೋರ್ಡ್ ಇಡುವ ಕತ್ತರಿಕಾಲಿನ ಸ್ಟ್ಯಾಂಡಿಗೆ ನಡುವೆ ಬಿಗಿಯುವಂಥದ್ದು. ಅದೊಂದು ಕಳೆಯದೇ ಇದ್ದಿದ್ದರೆ ಶಾಲೋಮ ಆ ಭಾನುವಾರ ಸ್ಕೂಟರಿನ ಮೇಲೆ ಒಬ್ಬನೇ ಔರಾದಿಗೆ ಹೋಗಿ, ಒಬ್ಬನೇ ನುಡಿಸಿ, ಬಂದ ಚಪ್ಪಾಳೆಯನ್ನೆಲ್ಲ ಒಬ್ಬನೇ ಕಟ್ಟಿಕೊಂಡು ಬೀದರಿಗೆ ಮರಳುತ್ತಿದ್ದ.

"ಸುಜೀ, ಇದರ ಬೋಲ್ಟ್ ಎಲ್ಲದ?"

"ನಂಗೇನ್ ಗೊತ್ರಿ? ನಿನ್ನಿ ಅದರ ಮ್ಯಾಲ ಹಲಗಿ ಇಟ್ಟು ನಿಮ್ಮ ಅಂಗಿನೇ ಇಸ್ತ್ರಿ ಮಾಡೀನಿ. ಮಡಚುವಾಗ ಎಲ್ಲೋ ಬಿದ್ದಿರ್ಬೇಕು."

"ಕಲಾವಿದನ ಸ್ಟ್ಯಾಂಡ್ ಮ್ಯಾಲ ಇಸ್ತ್ರಿ?"

"ಕಲಾವಿದ ಮುದುಡಿದ ಅಂಗಿ ಹಾಕ್ಕೊಂಡು ಹೋದ್ರ ಚಂದ ಕಾಣ್ತದೇನ್ರಿ?" ಎಂದು ಕೇಳಿ ಹೆಂಡತಿ ಸುಜಿ ಚಹಾ ಸೋಸಲು ಹೋದಳು. ಶಾಲೋಮ ಮಂಚದ ಕೆಳಗೆ ಬಗ್ಗಿ ಬೋಲ್ಟು ಹುಡುಕತೊಡಗಿದ.

ಶಾಲೋಮ ವಾರವಿಡೀ ಬೀದರಿನ ಹೊರವಲಯದ ಕೊಳಾರದ ಗೋದಾಮಿನಲ್ಲಿ ಸ್ಟೋರ್ ಕೀಪರ್, ಭಾನುವಾರ ಚರ್ಚಿನಲ್ಲಿ ಕೀಬೋರ್ಡ್ ವಾದಕ. ಬೆರಳು ಚುರುಕು, ಸ್ವರ ಶುದ್ಧ, ತಪ್ಪು ಹುಡುಕಿದರೂ ಸಿಗದು. ಆದರೆ ಆರಾಧನೆ ಮುಗಿದ ಮೇಲೆ ಜನ ಸುತ್ತುವರಿಯುತ್ತಿದ್ದದ್ದು ಜೇಮ್ಸನನ್ನು. ಜೇಮ್ಸ ಕ್ವಾಯರಿನ ಮುಖ್ಯ ಗಾಯಕ. ಶಾಲೋಮನಿಗಿಂತ ಚಿಕ್ಕವನು, ನಕ್ಕರೆ ಗಲ್ಲದಲ್ಲಿ ಗುಳಿ ಬೀಳುತ್ತಿತ್ತು. "ಎಂಥಾ ದನಿ ಕೊಟ್ಟಾನಪ್ಪ ದೇವ್ರು!" ಎಂದು ಹೆಂಗಸರು ಅವನ ಕೈ ಹಿಡಿದು ಕಣ್ಣೊರೆಸಿಕೊಳ್ಳುವರು. ಆಮೇಲೆ ಶಾಲೋಮನ ಕಡೆ ತಿರುಗಿ, "ಬ್ರದರ್, ಬರುವಾಗ ಆ ಫ್ಯಾನ್ ಬಂದ್ ಮಾಡಿ ಬರ್ರಿ" ಎನ್ನುವರು. ಕೀಬೋರ್ಡಿನ ಪಕ್ಕದಲ್ಲೇ ಸ್ವಿಚ್ ಬೋರ್ಡ್ ಇತ್ತು, ಅದೇ ಅವನ ದುರ್ದೈವ.

ಸುಮ್ಮನೆ ಸುತ್ತಿ ಬಳಸಿ ಹೇಳುವುದೇಕೆ? ಶಾಲೋಮನಿಗೆ ಹೊಟ್ಟೆಕಿಚ್ಚು. ಅದೂ ಎಂಥದ್ದು, ಜೇಮ್ಸನಿಗೆ ಕೆಮ್ಮು ಬಂದ ವಾರ ತನ್ನ ಮನೆಯಲ್ಲಿ ಸಿಹಿ ಮಾಡಿಸುವಂಥದ್ದು.

ಅದಕ್ಕೇ ಅವನು ಗುಟ್ಟಾಗಿ ತನ್ನದೇ ಒಂದು ಕಾರ್ಯಕ್ರಮ ಕಟ್ಟಿದ. ಹಾಡುವವರಿಲ್ಲ, ಬಾರಿಸುವವರಿಲ್ಲ. ತಬಲಾ, ಕೊಳಲು, ಪಿಟೀಲು ಎಲ್ಲವನ್ನೂ ಕೀಬೋರ್ಡೇ ನುಡಿಸುವಂತೆ ಪೆನ್‌ಡ್ರೈವಿನಲ್ಲಿ ತುಂಬಿಕೊಂಡ. ಸಂಜೆ ಸುಜಿಯ ಧಾರಾವಾಹಿಗೆ ಅಡ್ಡಿಯಾಗದಂತೆ ಕಿವಿಗೆ ಹೆಡ್‌ಫೋನ್ ಹಾಕಿ ಅಭ್ಯಾಸ ಮಾಡುವನು. ಒಮ್ಮೊಮ್ಮೆ ಕೀಬೋರ್ಡಿಗೆ ಸಿಕ್ಕಿಸಿದ ವೈರು ಕಳಚಿಬಿಡುವುದು. ಕಳಚಿದ್ದೇ ತಡ, ಕೀಬೋರ್ಡಿನ ಹೊಟ್ಟೆಯೊಳಗಿನ ಸ್ಪೀಕರು ಬಾಯಿಬಿಟ್ಟು, ಟಿವಿಯಲ್ಲಿ ಸೊಸೆ ಬಿಕ್ಕುತ್ತಿದ್ದರೆ ಇಲ್ಲಿ ಧಡ ಧಡ ತಮಟೆ ಶುರುವಾಗುತ್ತಿತ್ತು.

ಗೋದಾಮಿನ ಜೊತೆಗಾರ ಅಶ್ವಜಿತನ ತಂಗಿಯ ಮದುವೆ ಔರಾದಿನಲ್ಲಿ. ಮಧ್ಯಾಹ್ನದ ಆರತಕ್ಷತೆಗೆ ಸಂಗೀತ ಬೇಕೆಂದ. ಶಾಲೋಮ ಅಂದೇ ಫ್ಲೆಕ್ಸ್ ಅಂಗಡಿಗೆ ಓಡಿದ. ಕರಿ ಕನ್ನಡಕ ಹಾಕಿ, ಕೀಬೋರ್ಡಿನ ಮುಂದೆ ನಿಂತು, ಆಕಾಶ ನೋಡುತ್ತಿರುವ ಫೋಟೊ. ಹಿಂದೆ ಬೀದರ ಕೋಟೆ. ಕೆಳಗೆ ದಪ್ಪಕ್ಷರದಲ್ಲಿ: "ಒಂದೇ ವೇದಿಕೆ, ಒಬ್ಬನೇ ಕಲಾವಿದ: ಶಾಲೋಮ." ಅದೇ ಭಾನುವಾರ ಜೇಮ್ಸನ ಜೊತೆ ಭಾಲ್ಕಿಯ ಚರ್ಚಿಗೆ ನುಡಿಸಲು ಹೋಗಬೇಕಿತ್ತು. ಜ್ವರ ಬಂದಿದೆ ಎಂದು ಹೇಳಿ ತಪ್ಪಿಸಿಕೊಂಡ.

ಈಗ ಬೋಲ್ಟಿಲ್ಲ. ಭಾನುವಾರ ಬೆಳಿಗ್ಗೆ ಹಾರ್ಡ್‌ವೇರ್ ಅಂಗಡಿ ತೆರೆದಿರುವುದಿಲ್ಲ.

"ಮೇಜಿನ ಮ್ಯಾಲ ಇಟ್ಟು ಬಾರಿಸ್ರಿ. ಏನಾಗ್ತದ?" ಎಂದಳು ಸುಜಿ.

"ಫ್ಲೆಕ್ಸ್‌ನಾಗ ನಿಂತೀನಿ. ಅಲ್ಲಿ ಹೋಗಿ ಮೇಜಿನ ಮುಂದ ಕುಂತ್ರ ಬಸ್ ಸ್ಟ್ಯಾಂಡಿನ ಚೌಕಶಿ ಕೌಂಟರಿನಾವ ಕಂಡಂಗ ಕಾಣ್ತೀನಿ."

ಪಕ್ಕದ ಓಣಿಯಲ್ಲಿ ಪಂಕ್ಚರ್ ಅಂಗಡಿಯ ಸುಭಾನನ ಹತ್ತಿರ ಒಂದು ಸ್ಟ್ಯಾಂಡ್ ಇತ್ತು. ಅವನ ತಮ್ಮ ಹಿಂದೊಮ್ಮೆ ಕೀಬೋರ್ಡ್ ಕಲಿಯಲು ಹೋಗಿ ಕೈಬಿಟ್ಟದ್ದರ ಗುರುತು. ಸುಭಾನ ಮಾತ್ರ ಢೋಲಕ್ಕಿನವನು. ಟೈರು ಬಡಿಯುವಾಗಲೂ ತಾಳ ತಪ್ಪುತ್ತಿರಲಿಲ್ಲ.

"ಅರೇ ಶಾಲೋಮ ಭಾಯ್, ಸ್ಟ್ಯಾಂಡ್ ಏನ್ ದೊಡ್ಡ ಮಾತು? ಒಯ್ರಿ. ಅಂಗಿ ಹಾಕ್ಕೊಂಡು ಬರ್ತೀನಿ, ತಡೀರಿ."

"ನೀ ಯಾಕ ಬರ್ತೀ?"

"ಸಾಮಾನಿನ ಜೋಡಿ ಮಾಲಕ ಬರ್ಬೇಕಲ್ರಿ! ನಮ್ಮ ಅಬ್ಬಾನ ಕಾಲದಿಂದ ಬಾರಿಸೋರ ರಿವಾಜು ಅದ. ಒಮ್ಮಿ ಬರೇ ಢೋಲಕ್ ಕೊಟ್ಟಿದ್ರು. ಎರಡೂ ಕಡಿ ಚರ್ಮ ಹರ್ಕೊಂಡು ವಾಪಸ್ ಬಂತು. ಅವತ್ತಿಂದ ಆಣಿ, ಕಸಂ ಹಾಕ್ಯಾರ. ಮಾಲಕ ಇಲ್ದ ಸಾಮಾನು ಹೊಸ್ತಿಲ ದಾಟಂಗಿಲ್ಲ."

"ಬಾ. ಆದ್ರ ಸುಮ್ನ ಕುಂಡ್ರಬೇಕು."

"ಸುಮ್ನೇ ಕುಂಡ್ರತೀನಿ," ಎಂದು ಸುಭಾನ ಹೆಗಲಿಗೆ ಢೋಲಕ್ ಏರಿಸಿಕೊಂಡು ಬಂದ.

ಇಬ್ಬರು ಮನುಷ್ಯರು, ಕೀಬೋರ್ಡು, ಸ್ಟ್ಯಾಂಡು, ಢೋಲಕ್ಕು, ಸುರುಳಿ ಸುತ್ತಿದ ಫ್ಲೆಕ್ಸು. ಸ್ಕೂಟರು ಅಷ್ಟನ್ನು ನೋಡಿಯೇ ಸ್ಟಾರ್ಟ್ ಆಗಲಿಲ್ಲ. ಗೋದಾಮಿನ ಮಾಲು ಸಾಗಿಸುವ ಅಬ್ದುಲ ಮಜೀದನ ಸಣ್ಣ ಟೆಂಪೋ ಕರೆಸಬೇಕಾಯಿತು. ಮಜೀದ ಚಾಚಾ ವಯಸ್ಸಾದವರು. ಉರುಸಿನ ಕವ್ವಾಲಿಗಳಲ್ಲಿ ಬ್ಯಾಂಜೋ ನುಡಿಸುವುದೆಂದರೆ ಪ್ರಾಣ. ಟೈಪ್‌ರೈಟರಿನ ಹಾಗೆ ಗುಂಡಿಗಳಿರುವ ಆ ತಂತಿವಾದ್ಯ ಡ್ರೈವರ್ ಸೀಟಿನ ಹಿಂದೆಯೇ ಕಾಯಂ ಇರುತ್ತಿತ್ತು.

"ಗಾಡಿ ನಂದು, ಗಾಡಿ ಜೋಡಿ ನಾ," ಎಂದರು ಚಾಚಾ. "ನನ್ನ ಜೋಡಿ ಬ್ಯಾಂಜೋ. ರಿವಾಜು ಗೊತ್ತದಲ್ಲ ಬೇಟಾ?"

ಟೆಂಪೋ ಇನ್ನೂ ಹೊರಟಿರಲಿಲ್ಲ, ಅಶ್ವಜಿತನ ಫೋನು ಬಂತು.

"ಅಣ್ಣಾ, ಒಂದ್ ತೊಂದ್ರಿ ಆಗ್ಯದ. ಹಾಲ್‌ನಾಗ ದೊಡ್ಡ ಸ್ಪೀಕರ್ ಅವ, ಎಲ್ಲಾ ಅದ. ಆದ್ರ ವೈರ್ ಎಲ್ಲಾ ಬಂದು ಕೂಡ್ತಾವಲ್ಲ, ಆ ಮಿಕ್ಸರ್ ಪೆಟ್ಟಿಗಿ ಸುಟ್ಟದ. ನಿಮ್ಮ ಚರ್ಚಿಂದು ಅದ ಅಂದಿದ್ರಲ್ಲ, ಅದನ್ನೇ ತರ್ರಿ."

ಶಾಲೋಮನ ಮುಖ ಕಪ್ಪಿಟ್ಟಿತು. ಚರ್ಚಿನ ಮಿಕ್ಸರ್ ಜೇಮ್ಸನ ವಶದಲ್ಲಿತ್ತು. ಅದನ್ನು ತೆಗೆದುಕೊಂಡೇ ಜೇಮ್ಸ ಭಾಲ್ಕಿಗೆ ಹೋಗಿದ್ದ. ಯಾರಿಂದ ತಪ್ಪಿಸಿಕೊಳ್ಳಲು ಇಷ್ಟೆಲ್ಲ ಹೂಡಿದನೋ ಅವನ ಬಾಗಿಲಿಗೇ ಹೋಗಬೇಕು. ಹೋದ್ಯಾ ಪಿಶಾಚಿ ಎಂದರೆ ಬಂದ್ಯಾ ಗವಾಕ್ಷೀಲಿ ಎನ್ನುವುದು ಇದಕ್ಕೇ ಇರಬೇಕು.

ಊರು ದಾಟುತ್ತಿದ್ದಂತೆ ಸುಜಿಯ ಫೋನು. "ಬೋಲ್ಟ್ ಸಿಕ್ತು ನೋಡ್ರಿ! ನಿಮ್ಮ ಹಳೀ ಅಂಗಿ ಕಿಸೆದಾಗೇ ಇತ್ತು. ತರ್ಲೇನು?" ಶಾಲೋಮ ಹಿಂದೆ ತಿರುಗಿ ನೋಡಿದ. ಸುಭಾನ ಟೆಂಪೋದ ಹಿಂಬದಿಯಲ್ಲಿ ಗಾಳಿಗೆ ಕೂದಲು ಹಾರಿಸಿಕೊಂಡು, ಲೋಕದಲ್ಲಿ ತಾನೇ ಸುಖಿಯೆಂಬಂತೆ ಕುಳಿತಿದ್ದ. ಇಳಿ ಎನ್ನುವ ಧೈರ್ಯ ಶಾಲೋಮನಿಗೆ ಬರಲಿಲ್ಲ.

ಭಾಲ್ಕಿಯಲ್ಲಿ ಆರಾಧನೆ ಆಗಷ್ಟೇ ಮುಗಿದಿತ್ತು. ಚರ್ಚಿನ ಅಂಗಳದಲ್ಲಿ ಜನ ಜೇಮ್ಸನನ್ನು ಮುತ್ತಿದ್ದರು. ಶಾಲೋಮನನ್ನು ಕಂಡದ್ದೇ ಜೇಮ್ಸ ಗುಂಪು ಸೀಳಿಕೊಂಡು ಓಡಿಬಂದು ಅವನ ಹಣೆ ಮುಟ್ಟಿದ.

"ಶಾಲೋಮಣ್ಣಾ! ಜ್ವರ ಇಳೀತು! ಈಗಷ್ಟೇ ನಿಮ್ ಸಲುವಾಗಿ ಪ್ರಾರ್ಥನಾ ಮಾಡಿದ್ವಿ!"

ಮುದುಕಿಯೊಬ್ಬಳು ಎರಡೂ ಕೈ ಮೇಲೆತ್ತಿದಳು. "ನೋಡ್ರೆವ್ವಾ! ಬೀದರದಾಗ ಹಾಸಿಗಿ ಹಿಡಿದಾವ ಭಾಲ್ಕಿಗಿ ನಡ್ಕೋತ ಬಂದಾನ! ಜೇಮ್ಸಪ್ಪನ ಪ್ರಾರ್ಥನಾದಾಗ ಏನ್ ತಾಕತ್ತದ!"

ಇಲ್ಲದ ಜ್ವರವನ್ನು ವಾಸಿಮಾಡಿದ ಕೀರ್ತಿಯೂ ಜೇಮ್ಸನಿಗೇ ಹೋಯಿತು. ಶಾಲೋಮನ ಮೈ ನಿಜವಾಗಿ ಬಿಸಿಯಾದದ್ದು ಆಗ.

ವಿಷಯ ಹೇಳದೆ ಗತಿಯಿರಲಿಲ್ಲ. ಜೇಮ್ಸ ಕೋಪಿಸಿಕೊಂಡಿದ್ದರೆ ಎಷ್ಟೋ ನೆಮ್ಮದಿಯಾಗುತ್ತಿತ್ತು. ಪುಣ್ಯಾತ್ಮ ಸಂತೋಷಪಟ್ಟ. "ನಿಮ್ದೇ ಪ್ರೋಗ್ರಾಂ? ಒಬ್ಬರೇ? ಭಾಳ ಛಲೋ ಆಯ್ತಣ್ಣಾ! ಮಿಕ್ಸರ್ ಒಯ್ಯೋಣ. ಆದ್ರ ಚರ್ಚಿನ ಸಾಮಾನು, ಜವಾಬ್ದಾರಿ ನಂದು. ನಾನೂ ಬರ್ತೀನಿ."

ಹಿಂಬದಿಯಿಂದ ಸುಭಾನ ಕೂಗಿದ: "ರಿವಾಜೇ ಅದಲ್ಲ ಭಾಯ್, ಹತ್ರಿ ಹತ್ರಿ!"

ಭಾಲ್ಕಿ ಬಿಟ್ಟು ಔರಾದಿನ ದಾರಿ ಹಿಡಿದಾಗ ಹಿಂದೆ ಢೋಲಕ್ಕು ಶುರುವಾಯಿತು. ಅದರ ಮೇಲೆ ಜೇಮ್ಸನ ದನಿ. ಅವನ ಅಜ್ಜಿ ಮದುವೆಮನೆಗಳಲ್ಲಿ ಬೀಸುಕಲ್ಲಿನ ಮುಂದೆ ಹಾಡುತ್ತಿದ್ದ ಹಾಡಂತೆ. ಇಬ್ಬರೂ ನಗುತ್ತಿದ್ದರು, ತಪ್ಪುತ್ತಿದ್ದರು, ಮತ್ತೆ ಹಿಡಿಯುತ್ತಿದ್ದರು. ಮುಂದೆ ಕೀಬೋರ್ಡನ್ನು ತೊಡೆಯ ಮೇಲೆ ಮಲಗಿಸಿಕೊಂಡು ಕುಳಿತ ಶಾಲೋಮನಿಗೆ ಒಂದೊಂದು ನಗೆಯೂ ತನ್ನ ಬೆನ್ನಿಗೇ ಬಿದ್ದಂತಾಯಿತು.

"ಗಲಾ ಏನದ ಬೇಟಾ, ಏನ್ ದನಿ ಆ ಹುಡುಗಂದು!" ಎಂದು ಮಜೀದ ಚಾಚಾ ಸ್ಟೇರಿಂಗಿನ ಮೇಲೆ ಬೆರಳಾಡಿಸಿದರು.

"ರಸ್ತಾ ನೋಡ್ರಿ ಚಾಚಾ, ಗಲಾ ಆಮ್ಯಾಲ ನೋಡೀರಂತ," ಎಂದ ಶಾಲೋಮ.

ಔರಾದಿನ ಹಾಲ್ ಮುಟ್ಟಿದಾಗ ಮದುಮಕ್ಕಳು ಕುರ್ಚಿ ಏರಿದ್ದರು. ಜೇಮ್ಸ ಕೂಡಲೇ ವೈರುಗಳನ್ನು ಎಳೆದು, ಮಿಕ್ಸರನ್ನು ವೇದಿಕೆಯ ಮೂಲೆಯಲ್ಲಿ ಸ್ಟೂಲಿನ ಮೇಲಿಟ್ಟು, ಎಲ್ಲವನ್ನೂ ಜೋಡಿಸಿದ. ಢೋಲಕ್ಕಿನ ಮುಂದೊಂದು, ಬ್ಯಾಂಜೋ ಮುಂದೊಂದು, ಕೊನೆಗೆ ಹಾಡಿಗೊಂದು ಮೈಕು ಕೂಡ ಇಟ್ಟ. "ಇರ್ಲಿ ಅಣ್ಣಾ, ಬೇಕಾದ್ರ ಇರ್ಲಿ" ಎಂದ. ಆ ಹೊತ್ತಿನಲ್ಲಿ ಶಾಲೋಮ ತನ್ನ ಫ್ಲೆಕ್ಸಿನ ಮುಂದೆ ನಿಂತು ಸ್ಟೇಟಸ್ಸಿಗೆ ಸೆಲ್ಫಿ ತೆಗೆದುಕೊಳ್ಳುತ್ತಿದ್ದ. ಯಾವ ವೈರು ಯಾವ ತೂತಿಗೆ ಹೋಯಿತೆಂದು ಅವನು ನೋಡಲಿಲ್ಲ.

ಕಾರ್ಯಕ್ರಮ ಶುರುವಾಯಿತು. ಒಂದೇ ವೇದಿಕೆ, ಒಬ್ಬನೇ ಕಲಾವಿದ. ಮೂವರು ಮಾಲಕರು ಹಿಂದೆ ತಮ್ಮ ತಮ್ಮ ಸಾಮಾನು ಕಾಯುತ್ತ ಕುಳಿತಿದ್ದರು. ಶಾಲೋಮ ತಿಂಗಳುಗಟ್ಟಲೆ ತಿದ್ದಿದ ಎರಡು ರಾಗಗಳನ್ನು ನುಡಿಸಿದ. ದೊಡ್ಡ ಸ್ಪೀಕರುಗಳು ದೂರದ ಕಂಬಗಳಿಗಿದ್ದವು, ಅವುಗಳ ಮುಖವೆಲ್ಲ ಜನರ ಕಡೆ. ವೇದಿಕೆಯ ಮೇಲಿದ್ದವನಿಗೆ ತನ್ನದೇ ನಾದ ಪಕ್ಕದ ಊರಿನಿಂದ ಬಂದಂತೆ ಕೇಳುತ್ತಿತ್ತು. ಮುಗಿಸಿ ತಲೆಬಾಗಿದ. ಯಾರೂ ಚಪ್ಪಾಳೆ ತಟ್ಟಲಿಲ್ಲ.

ಮುಂದಿನ ಸಾಲಿನಲ್ಲಿ ಕುಳಿತಿದ್ದ ಕೌಸಲ್ಯಾಬಾಯಿ, ಅಶ್ವಜಿತನ ದೊಡ್ಡವ್ವ, ಕಮಲನಗರದಿಂದ ಬಂದ ಹಿರಿಯಳು, ಗಟ್ಟಿ ದನಿಯಲ್ಲಿ ಕೇಳಿದಳು: "ಟೆಸ್ಟಿಂಗ್ ಮುಗೀತೇನ್ರೋ? ಪ್ರೋಗ್ರಾಂ ಯಾವಾಗ?"

ಹಾಲ್ ನಕ್ಕಿತು. ಅಶ್ವಜಿತ ಓಡಿಬಂದು ಕಿವಿಯಲ್ಲಿ, "ಅಣ್ಣಾ, ಮಂದಿ ಊಟಕ್ಕ ಏಳ್ಲತ್ತಾರ. ನಿಮ್ಮ ಪಾರ್ಟಿದವ್ರಿಗೂ ಬಾರಸ್ಲಿಕ್ಕಿ ಹಚ್ರಲ್ಲ" ಎಂದ.

"ಅವ್ರು ನನ್ನ ಪಾರ್ಟಿ ಅಲ್ಲ..."

ಮಾತು ಮುಗಿಯುವ ಮೊದಲೇ ಸುಭಾನನ ಬೆರಳು ಢೋಲಕ್ಕಿನ ಮೇಲೆ ಬಿತ್ತು. ಸುಮ್ಮನೆ ಕುಳಿತುಕೊಳ್ಳುತ್ತೇನೆಂದವನು ಎರಡು ರಾಗ ಮುಗಿಯುವತನಕ ಸುಮ್ಮನೆ ಕುಳಿತದ್ದೇ ದೊಡ್ಡದು. ಬ್ಯಾಂಜೋ ಝಣಿಸಿತು. ಜೇಮ್ಸ ಎದ್ದು ಮೈಕಿನ ಮುಂದೆ ನಿಂತು, "ಅಣ್ಣಾ, ನೀವು ಮುಂದ ನಡೀರಿ, ನಾವು ಹಿಂದ ಬರ್ತೀವಿ" ಎಂದು ಅಜ್ಜಿಯ ಆ ಮದುವೆಹಾಡು ಎತ್ತಿದ. ಊಟಕ್ಕೆ ಎದ್ದವರು ಕೈತೊಳೆಯದೆ ವಾಪಸ್ಸು ಬಂದರು. ಹೆಂಗಸರು ಸೊಲ್ಲು ಕೂಡಿಸಿದರು. ಮದುಮಗಳು ತಲೆ ಎತ್ತಿ ನಕ್ಕಳು.

ಚೆನ್ನಾಗಿತ್ತು. ಅದೇ ಸಂಕಟ. ಶಾಲೋಮನ ಕಿವಿ ಸುಳ್ಳು ಹೇಳುವ ಕಿವಿಯಲ್ಲ. ಢೋಲಕ್ಕೂ ಬ್ಯಾಂಜೋವೂ ಆ ದನಿಯೂ ಹೇಗೆ ಒಂದನ್ನೊಂದು ಹಿಡಿದುಕೊಂಡು ನಡೆದಿವೆ ಎಂಬುದು ಆ ಹಾಲಿನಲ್ಲಿ ಎಲ್ಲರಿಗಿಂತ ಚೆನ್ನಾಗಿ ಅವನಿಗೇ ಗೊತ್ತಾಗುತ್ತಿತ್ತು. ತಾನೂ ನುಡಿಸುತ್ತಿದ್ದ. ಆದರೆ ಎಲ್ಲ ಕಣ್ಣುಗಳೂ ಆ ಗಲ್ಲದ ಗುಳಿಯ ಮೇಲೆ. ತನ್ನ ಫ್ಲೆಕ್ಸು, ತನ್ನ ವೇದಿಕೆ, ಇಲ್ಲಿಯೂ ಅವನೇ!

ಮಿಕ್ಸರಿನ ಸ್ಟೂಲು ಕಾಲಿನ ಬಳಿಯೇ ಇತ್ತು. ಕರಿ ವೈರುಗಳು ಸಾಲಾಗಿ ಒಂದರ ಪಕ್ಕ ಒಂದು. ಎಲ್ಲಿ ಹೋದರೂ ಜೇಮ್ಸನದು ಮೊದಲ ಸ್ಥಾನ. ಕ್ವಾಯರಿನಲ್ಲಿ ಮೊದಲು, ಪ್ರಾರ್ಥನೆಯಲ್ಲಿ ಮೊದಲು. ಹಾಗಿದ್ದ ಮೇಲೆ ಒಂದನೇ ನಂಬರಿನ ತೂತಿನಲ್ಲಿ ಇನ್ನಾರ ವೈರು ಇದ್ದೀತು? ಶಾಲೋಮ ಬಿದ್ದ ಕರ್ಚೀಪು ಎತ್ತಿಕೊಳ್ಳುವವನ ಹಾಗೆ ಬಾಗಿದ. ಒಂದನೇ ವೈರನ್ನು ಹಿಡಿದು ಎಳೆದ. ಅದು ತಕರಾರಿಲ್ಲದೆ ಬಂತು. ಅದರ ಇನ್ನೊಂದು ತುದಿಯೂ ಎಳೆದ ರಭಸಕ್ಕೆ ಎಲ್ಲೋ ಟಕ್ಕೆಂದು ಕಳಚಿತು. ಒಳ್ಳೆಯದೇ ಆಯಿತು ಎಂದುಕೊಂಡ.

ಎದ್ದು ನಿಂತು ಕೀಬೋರ್ಡ್ ಮುಟ್ಟಿದನೋ ಇಲ್ಲವೋ, ಆಹಾ! ಅದುವರೆಗೆ ದೂರವೆಲ್ಲೋ ಕೇಳುತ್ತಿದ್ದ ತನ್ನ ನಾದ ಈಗ ಎದೆಗೇ ತಾಗುವಂತೆ ಕೇಳತೊಡಗಿತು. ಜೇಮ್ಸನ ದನಿ ಅದರಡಿಯಲ್ಲಿ ಮಸುಕಾಯಿತು. ಪಾಪ, ಅವನು ಬಾಯಿ ತೆರೆಯುತ್ತಿದ್ದ, ಕತ್ತಿನ ನರ ಉಬ್ಬಿಸುತ್ತಿದ್ದ, ಏನು ಪ್ರಯೋಜನ! ಶಾಲೋಮನಿಗೆ ಕ್ಷಣಹೊತ್ತು ಕನಿಕರವೂ ಬಂತು. ಆದರೆ ಜನ ಹುಚ್ಚೆದ್ದು ಕುಣಿಯುತ್ತಿದ್ದರು. ಮದುಮಗನೇ ಇಳಿದುಬಂದು ಕುಣಿದ. ಶಾಲೋಮ ಕಣ್ಣು ಮುಚ್ಚಿ, ಮುಖವನ್ನು ಆಕಾಶಕ್ಕೆತ್ತಿ, ಥೇಟು ಫ್ಲೆಕ್ಸಿನಲ್ಲಿದ್ದ ಹಾಗೆಯೇ ನುಡಿಸಿದ. ಹೊಟ್ಟೆಯ ಕಿಚ್ಚು ಆರಿ, ವರ್ಷಗಳ ಮೇಲೆ ಮೊದಲ ಸಲ ತಂಪಾಯಿತು. ಚಪ್ಪಾಳೆಗೆ ಹಾಲ್‌ನ ತಗಡಿನ ಚಾವಣಿ ಅದುರಿದಾಗ ಅವನ ಕಣ್ಣಲ್ಲಿ ನೀರು ಬಂತು.

ಊಟವಾದ ಮೇಲೆ ನಾಲ್ವರೂ ಸಾಮಾನು ಕಟ್ಟುತ್ತಿದ್ದಾಗ ಕೌಸಲ್ಯಾಬಾಯಿ ಅಶ್ವಜಿತನನ್ನು ಕರೆದುಕೊಂಡು ವೇದಿಕೆ ಹತ್ತಿದಳು. ಶಾಲೋಮ ಅಂಗಿಯ ಕಾಲರು ಸರಿಮಾಡಿಕೊಂಡ. ಆಕೆ ಅವನನ್ನು ದಾಟಿ ಜೇಮ್ಸನ ಮುಂದೆ ನಿಂತಳು.

"ಬರೋ ಐತವಾರ ನಮ್ ಕಮಲನಗರಕ್ಕ ಬರ್ಬೇಕು ನೋಡಪ್ಪಾ. ಮೊಮ್ಮಗನ ಹುಟ್ಟಹಬ್ಬ ಅದ. ನೀ, ಈ ಢೋಲಕ್ಕಿನಾವ, ಈ ಬ್ಯಾಂಜೋ ಅಜ್ಜ. ಎಂಥಾ ಪಾರ್ಟಿ ಕಟ್ಟೀರೋ! ಮೊದಲಿಗಿ ಅದೇನೋ ಮಷೀನು ಕುಂಯ್ ಕುಂಯ್ ಅಂದು ತೆಲಿ ತಿಂತು. ನಡುವ ಅದು ಬಂದ್ ಆಯ್ತಲ್ಲ, ಆಗ ಬಂತು ನೋಡು ಮಜಾ! ಒಂದೊಂದು ಮಾತೂ ಸ್ವಚ್ಛ ಕೇಳ್ತು."

"ಯಾವ ಮಷೀನು ಬಂದ್ ಆಯ್ತು?" ಎಂದ ಶಾಲೋಮ. ಅವನ ದನಿ ಅವನಿಗೇ ಕೇಳಿಸಲಿಲ್ಲ.

ಜೇಮ್ಸ ಗಾಬರಿಯಾಗಿ ಮಿಕ್ಸರಿನ ಬಳಿ ಕುಳಿತ. ವೈರಿನ ತುದಿ ಎತ್ತಿ ಹಿಡಿದ. "ಅಯ್ಯೋ ಅಣ್ಣಾ! ನಿಮ್ಮ ಕೀಬೋರ್ಡಿನ ವೈರೇ ಬಿಟ್ಟು ಬಿದ್ದದ! ಒಂದನೇ ನಂಬರಿಂದು! ಇಷ್ಟೊತ್ತನಕ ಅದರ ಹೊಟ್ಟಿ ಸ್ಪೀಕರ್ ನಿಮಗಷ್ಟೇ ಕೇಳ್ಯದ, ಹೊರಗ ಕೇಳೇ ಇಲ್ಲ!"

"ಒಂದನೇ ನಂಬರ್... ನಿಂದಲ್ಲೇನೋ?"

"ಎಂಥಾ ಮಾತ ಆಡ್ತೀರಣ್ಣಾ? ಪ್ರೋಗ್ರಾಂ ನಿಮ್ದು. ನೀವಿರುವಾಗ ಒಂದನೇ ನಂಬರಿಗಿ ನಾ ಹ್ಯಾಂಗ ಹಾಕ್ಕೊಳ್ಲಿ? ಮೊದಲ ನಿಮ್ದೇ ಹಾಕಿದ್ದೆ. ನಂದು ಎಲ್ಲಾರಕಿಂತ ಕಡೀದು." ಅವನ ಕಣ್ಣು ತುಂಬಿತ್ತು. "ಯಾರ್ ಕಿತ್ತಿರ್ಬೇಕು?"

"ಯಾರೋ ಕುಣಿಯೋರ ಕಾಲ್ ತಾಕಿರ್ಬೇಕು ಬಿಡು," ಎಂದ ಶಾಲೋಮ.

"ನಾ ನೋಡ್ಕೋಬೇಕಿತ್ತು. ತಪ್ಪು ನಂದೇ ಅಣ್ಣಾ," ಎಂದು ಜೇಮ್ಸ ಅವನ ಕೈ ಹಿಡಿದುಕೊಂಡ. ಮಾಡಿದ್ದುಣ್ಣೋ ಮಹಾರಾಯ ಎನ್ನುತ್ತಾರಲ್ಲ, ಶಾಲೋಮ ಅಂದು ಮದುವೆ ಊಟದ ಮೇಲೆ ಅದನ್ನೂ ಉಂಡ.

ಕೌಸಲ್ಯಾಬಾಯಿಗೆ ಈ ಕಣ್ಣೀರಿನಲ್ಲಿ ಆಸಕ್ತಿಯಿರಲಿಲ್ಲ. "ಆ ಮಷೀನ್ ಒಂದು ತರಬ್ಯಾಡ್ರಿ. ಆದ್ರ ಈ ಬೋರ್ಡ್ ತರ್ರಿ, ಭಾಳ ಚಂದ ಅದ. ಬೋರ್ಡ್ ಇಲ್ಲಂದ್ರ ನಮ್ಮೂರ ಮಂದಿ ಪಾರ್ಟಿ ಅಂತ ನಂಬಂಗಿಲ್ಲ." ಫ್ಲೆಕ್ಸನ್ನು ಮೇಲಿಂದ ಕೆಳಗೆ ನೋಡಿದಳು. "ಈ ಕರಿ ಚಷ್ಮಾದ ಸಾಹೇಬ್ರು ಇವತ್ತ ಬರ್ಲಿಲ್ಲೇನು?"

ಸುಭಾನ ಢೋಲಕ್ಕಿನ ಹಗ್ಗ ಬಿಗಿಯತೊಡಗಿದ.

"ಬರ್ಲಿಲ್ರಿ," ಎಂದ ಶಾಲೋಮ ತಾನೇ.

"ಹೌದಾ? ನೀವು ಆ ಮೂಲ್ಯಾಗ ನಿಂತು ಮೇಜು ಒರಸ್ಲತ್ತಿದ್ದವ್ರು ಅಲ್ರೀ? ಪಾಪ, ಭಾಳ ಮನಸಿಟ್ಟು ಒರಸ್ಲತ್ತಿದ್ರಿ, ನೋಡೀನಿ," ಎಂದು ಆಕೆ ಇಳಿದುಹೋದಳು.

ಟೆಂಪೋಕ್ಕೆ ಸಾಮಾನು ಏರಿತು. ಕೊನೆಗೆ ಉಳಿದದ್ದು ಫ್ಲೆಕ್ಸ್. ಸುಭಾನ ಕೆಮ್ಮಿ, ತಲೆ ಕೆರೆದು, ಬಲು ಮೆಲ್ಲಗೆ ಕೇಳಿದ: "ಶಾಲೋಮ ಭಾಯ್, ಕಮಲನಗರಕ್ಕ ಆ ಫ್ಲೆಕ್ಸ್ ಕೊಡ್ತೀರೇನ್ರಿ?"

ಶಾಲೋಮ ಫ್ಲೆಕ್ಸಿನೊಳಗಿದ್ದ ಶಾಲೋಮನನ್ನು ನೋಡಿದ. ಅವನು ಆಕಾಶ ನೋಡುತ್ತಿದ್ದ, ಸಹಾಯಕ್ಕೆ ಬರುವ ಲಕ್ಷಣವಿರಲಿಲ್ಲ.

"ಕೊಡ್ತೀನಿ," ಎಂದ. "ಆದ್ರ ಸಾಮಾನಿನ ಜೋಡಿ ಮಾಲಕನೂ ಬರ್ತಾನ."

"ಬರ್ರಿ ಭಾಯ್, ಬರ್ಲೇಬೇಕು! ರಿವಾಜು ಅಂದ್ರ ರಿವಾಜು," ಎಂದ ಸುಭಾನನ ಮುಖ ಅರಳಿತು. "ಕಮಲನಗರದಾಗ ಗಾಳಿ ಭಾಳ. ಒಂದು ತುದಿ ಹಿಡ್ಯಾಕ ಮನಷ್ಯಾ ಬೇಕೇ ಆಗ್ತದ."

ಮಜೀದ ಚಾಚಾ ಹಾರ್ನ್ ಬಾರಿಸಿದರು. ಶಾಲೋಮ ಫ್ಲೆಕ್ಸನ್ನು ಸುರುಳಿ ಸುತ್ತಿ ಕಂಕುಳಲ್ಲಿಟ್ಟುಕೊಂಡು ಹೊರಡುವಷ್ಟರಲ್ಲಿ ಹಾಲಿನ ಬಾಗಿಲಿನಿಂದ ಕೌಸಲ್ಯಾಬಾಯಿಯ ದನಿ ಕೇಳಿತು.

"ಏ ಮೇಜಿನಪ್ಪಾ! ಬರುವಾಗ ಆ ಫ್ಯಾನ್ ಬಂದ್ ಮಾಡಿ ಬರ್ರಿ."

ಶಾಲೋಮ ಹಿಂದಿರುಗಿ ಹೋಗಿ ಫ್ಯಾನ್ ಬಂದ್ ಮಾಡಿ ಬಂದ.